ಸಮಾಧಿಯ ಹಿಂದಿನ ಕೋಳಿ

ಸಿನಿಮಾದಲ್ಲಿ ನಾಯಕನ ತಾಯಿಯನ್ನು ಮಣ್ಣು ಮಾಡುತ್ತಿದ್ದಾಗ ನಾನು ನಕ್ಕೆ. ತುಟಿಯಂಚಿನ ನಗುವಲ್ಲ, ಹೊಟ್ಟೆಯಿಂದ ಎದ್ದು ಬಂದ ನಗು. ಟಾಕೀಸಿನಲ್ಲಿ ಆಗ ಮೂಗು ಒರೆಸಿಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬರೀ ನಕ್ಕಿದ್ದರೆ ಹೇಗೋ ಸಾವರಿಸಿಕೊಳ್ಳಬಹುದಿತ್ತು. ತೆರೆಯ ಕಡೆ ಬೆರಳು ತೋರಿಸಿ 'ಕೋಳಿ, ಕೋಳಿ' ಅಂತಲೂ ಅಂದೆ. ಮೊಟ್ಟೆಯ ಹೆಸರನ್ನೂ ಎತ್ತದ ಮನೆಗೆ ಸೊಸೆಯಾಗಿ ಬಂದು ನನಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಹೊಸ ಸೊಸೆ ಬಂದ ಮೇಲೆ ಮನೆಮಂದಿಯೆಲ್ಲ ಒಮ್ಮೆ ಸಿನಿಮಾಕ್ಕೆ ಹೋಗುವುದು ದಾವಣಗೆರೆಯ ಆ ಮನೆಯ ಪದ್ಧತಿ. ಯಾವ ಸಿನಿಮಾ ಅನ್ನುವುದು ಅಷ್ಟು ಮುಖ್ಯವಲ್ಲ, ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು ಮುಖ್ಯ. ಸೊಸೆ ನಡುವೆ, ಅವಳ ಎರಡೂ ಬದಿಗೆ ಹಿರಿಯ ಹೆಂಗಸರು. ಗುರುತಿಲ್ಲದವರ ಮೊಣಕೈ ತಾಗಬಾರದಲ್ಲ. ನನ್ನ ಎಡಗಡೆ ಅತ್ತೆ ಕೂತಿದ್ದರು, ಬಲಗಡೆ ದೊಡ್ಡಕ್ಕ. ದೊಡ್ಡಕ್ಕ ಅಂದರೆ ತೀರಿಹೋದ ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಅಲ್ಲೇ ಉಳಿದು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ನಡೆಸಿದವರು. ಇಡೀ ಮನೆ ಅವರನ್ನು ದೊಡ್ಡಕ್ಕ ಅನ್ನುತ್ತಿತ್ತು, ನಾನೂ ಹಾಗೇ ಅನ್ನತೊಡಗಿದ್ದೆ. ನನ್ನ ಗಂಡ ಸಾಲಿನ ಕೊನೆಯ ಕುರ್ಚಿಯಲ್ಲಿ, ಕೂಗಿದರೂ ಕೇಳದಷ್ಟು ದೂರದಲ್ಲಿದ್ದರು.

ಆ ಸಿನಿಮಾ ಆರಿಸಿದವರು ಅವರೇ. ಅವರಿಗೆ ಹೊಡೆದಾಟದ ಸಿನಿಮಾಗಳೆಂದರೆ ಆಸೆ, ಕನ್ನಡಕ್ಕೆ ಡಬ್ ಆಗಿದ್ದರಿಂದ ದೊಡ್ಡಕ್ಕನಿಗೂ ತಿಳಿಯುತ್ತದೆ ಅನ್ನುವುದು ನೆಪ. ನಾನು ಪೋಸ್ಟರನ್ನು ಎರಡೆರಡು ಸಲ ನೋಡಿದ್ದೆ. ಅದರ ಮೇಲಿದ್ದವನು ನನಗೆ ಬಾಲ್ಯದಿಂದ ಪರಿಚಯದವನು. ಹಾಗೆಂದು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನನ್ನು ನೋಡಲು ಬಂದ ದಿನ, ಚಿತ್ರ ಬರೆಯುತ್ತಾಳೆ ಅಂತ ಅಮ್ಮ ಹೇಳಿದಾಗ, ಅವರೆಲ್ಲ ರಂಗೋಲಿ ಅಂದುಕೊಂಡು ತಲೆಯಾಡಿಸಿದ್ದರು. ತಿದ್ದಲು ಹೋಗಬೇಡ ಅಂತ ಅಮ್ಮ ಕಣ್ಣಲ್ಲೇ ಹೇಳಿದ್ದಳು.

ನನ್ನಪ್ಪನದು ಹರಿಹರದಲ್ಲಿ ರದ್ದಿ ಅಂಗಡಿ. ನಾನು ಚಿಕ್ಕವಳಿದ್ದಾಗ ಊರಿನ ದೊಡ್ಡ ಕಾರ್ಖಾನೆ ಮುಚ್ಚಿ, ಕ್ವಾರ್ಟರ್ಸಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಊರು ಬಿಡುವವರು ಹೊತ್ತೊಯ್ಯಲಾರದ್ದನ್ನೆಲ್ಲ ತಂದು ಅಪ್ಪನ ತಕ್ಕಡಿಗೆ ಹಾಕಿ ಹೋಗುತ್ತಿದ್ದರು. ಅದರಲ್ಲಿ ಯಾವುದೋ ಇಂಜಿನಿಯರ್ ಮನೆಯ ಇಂಗ್ಲಿಷ್ ಕಾಮಿಕ್ಸಿನ ಒಂದು ಕಟ್ಟೂ ಬಂತು. ಅಪ್ಪ ಅದನ್ನು ಪೊಟ್ಟಣ ಕಟ್ಟುವವರಿಗೆ ಕೊಡದೆ ನನಗೆ ಕೊಟ್ಟ. ಮೊದಮೊದಲು ಬರೀ ಚಿತ್ರ ನೋಡಿದೆ. ಆಮೇಲೆ ಡಿಕ್ಷನರಿ ಹಿಡಿದು ಒಂದೊಂದೇ ಮಾತು ಬಿಡಿಸಿದೆ. ನನಗೆ ಬರುವ ಇಂಗ್ಲಿಷೆಲ್ಲ ಅಲ್ಲಿಂದಲೇ ಬಂದದ್ದು, ನನ್ನ ಕೈಗೆ ಗೆರೆ ಬಂದದ್ದೂ ಅಲ್ಲಿಂದಲೇ.

ಅದರ ನಾಯಕ, ಪೋಸ್ಟರಿನ ಮೇಲಿದ್ದ ಅವನೇ, ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. ಟೋಪಿ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ದಿನವಿಡೀ ಬೇರೆಯವರು ಹೇಳಿದ ಮಹಡಿಗೆ ಅವರನ್ನು ಬಿಡುವುದು ಅವನ ಕೆಲಸ. ಒಂದು ದಿನ ಕಟ್ಟಡಕ್ಕೆ ಸಿಡಿಲು ಬಡಿದು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ. ಒಳಗೆ ಇವನು, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಮುದುಕಿ. ಕತ್ತಲಲ್ಲಿ ಗೋಡೆ ತಡಕುತ್ತಿದ್ದಾಗ ಇವನ ಕೈ ಗೋಡೆಯ ಆಚೆಗೆ ಹೋಗುತ್ತದೆ, ಕೈಯ ಹಿಂದೆ ಇವನೂ ಹೋಗುತ್ತಾನೆ. ಗೋಡೆ ತೂರಿ ಹೋಗುವ ಶಕ್ತಿ ಬಂದದ್ದು ಹೀಗೆ. ಆದರೆ ಜೊತೆಗೆ ಇನ್ನೊಬ್ಬರನ್ನು ಕರೆದೊಯ್ಯಲು ಅವನಿಂದಾಗದು. ಮುದುಕಿ ಒಳಗೇ ಉಳಿಯುತ್ತಾಳೆ. ಹೊರಗೆ ಬಂದು ನಿಂತವನು ಒಂದು ಗಳಿಗೆ ಯೋಚಿಸಿ, ಮತ್ತೆ ಗೋಡೆ ತೂರಿ ಒಳಗೆ ಹೋಗಿ, ರಿಪೇರಿಯವರು ಬರುವವರೆಗೆ ಅವಳ ಪಕ್ಕ ಕೂರುತ್ತಾನೆ. ಅಷ್ಟರಲ್ಲಿ ಕೋಳಿ ಮೊಟ್ಟೆ ಇಟ್ಟಿರುತ್ತದೆ. ಆ ಪುಟವನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ ಅದರ ಮೂಲೆಗಳು ಸವೆದು ದುಂಡಗಾಗಿದ್ದವು.

ಚಿತ್ರ ಬರೆದವನಿಗೆ ಆ ಕೋಳಿಯ ಮೇಲೆ ಮೋಹವೋ ಏನೋ, ಮುಂದಿನ ಪ್ರತಿ ಸಂಚಿಕೆಯಲ್ಲೂ ಎಲ್ಲಾದರೂ ಒಂದು ಕಡೆ ಅದನ್ನು ಬಚ್ಚಿಡುತ್ತಿದ್ದ. ಬ್ಯಾಂಕ್ ದರೋಡೆ ನಡೆಯುವಾಗ ಕಿಟಕಿಯಾಚೆ, ಊರಿಗೆ ಬೆಂಕಿ ಬಿದ್ದಾಗ ಮಾಳಿಗೆಯ ಅಂಚಿನಲ್ಲಿ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ಹುಡುಕುವವರಿಗೆ ಮಾತ್ರ ಸಿಗುತ್ತಿತ್ತು. ಅಪ್ಪನ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಹಳೆ ಪೇಪರಿನ ರಾಶಿಯ ಮೇಲೆ ಕೂತು ನಾನು ಹುಡುಕುತ್ತಿದ್ದೆ.

ಸಿನಿಮಾದವರು ಅವನನ್ನು ವಿಜ್ಞಾನಿ ಮಾಡಿಬಿಟ್ಟಿದ್ದರು. ಲಿಫ್ಟ್ ನಡೆಸುವವನಿಗೆ ಶಕ್ತಿ ಬಂದರೆ ದುಡ್ಡು ಕೊಟ್ಟು ನೋಡುವವರಿಗೆ ರುಚಿಸುವುದಿಲ್ಲವೇನೋ. ಮುದುಕಿ ಇಲ್ಲ, ಬುಟ್ಟಿ ಇಲ್ಲ, ಮರಳಿ ಒಳಗೆ ಹೋಗುವುದಂತೂ ಇಲ್ಲವೇ ಇಲ್ಲ. ಬರೀ ನೀಲಿ ಬೆಳಕು, ಗಾಜಿನ ಕೊಳವೆ, ಒಂದು ಭಾರಿ ಸ್ಫೋಟ. ನನಗೆ ಮೈ ಉರಿಯುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೆ ಅವನ ಪ್ರಯೋಗಾಲಯದ ಗೋಡೆಯ ಮೊಳೆಗೆ ಒಂದು ಹಳೆಯ ಟೋಪಿ ನೇತಾಡುವುದು ಕಂಡಿತು. ಲಿಫ್ಟಿನವನ ಟೋಪಿ. ಆಮೇಲೆ ಯಾವುದೋ ಕಟ್ಟಡದ ಬಾಗಿಲಲ್ಲಿ ಅದೇ ಮುರುಕು ಸ್ಟೂಲು. ನನ್ನಂತೆ ಓದಿದ ಯಾರೋ ಒಬ್ಬರು ಆ ಸಿನಿಮಾದೊಳಗೆ ಕೂತು, ನಮ್ಮಂಥವರಿಗೆಂದು ಗುಟ್ಟಾಗಿ ಇವನ್ನೆಲ್ಲ ಇಟ್ಟಿದ್ದರು. ಇಡೀ ಟಾಕೀಸಿನಲ್ಲಿ ಅದು ಕಂಡದ್ದು ನನಗೊಬ್ಬಳಿಗೇ ಅನ್ನಿಸಿ, ಖುಷಿಗೆ ಮೈ ಬೆಚ್ಚಗಾಗಿತ್ತು. ಹೇಳಿಕೊಳ್ಳೋಣವೆಂದರೆ ಅತ್ತ ಅತ್ತೆ, ಇತ್ತ ದೊಡ್ಡಕ್ಕ. ತುಟಿ ಬಿಗಿಹಿಡಿದು ಕೂತೆ. ಸಮಾಧಿಯ ದೃಶ್ಯ ಬಂದು, ಎಲ್ಲರೂ ತಲೆ ತಗ್ಗಿಸಿ ನಿಂತು, ನಾಯಕನ ಕಣ್ಣಿನಿಂದ ಹನಿ ಜಾರುವ ಹೊತ್ತಿಗೆ ಹಿಂದಿನ ಗೋಡೆಯ ಮೇಲೆ ಒಂದು ಕೋಳಿ ಆರಾಮವಾಗಿ ನಡೆದುಕೊಂಡು ಹೋಯಿತು. ಅಷ್ಟು ಹೊತ್ತು ಅದುಮಿಟ್ಟದ್ದೆಲ್ಲ ಆಗ ಹೊರಬಿತ್ತು.

ದೊಡ್ಡಕ್ಕ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡವರು ಸಿನಿಮಾ ಮುಗಿದರೂ ಬಿಡಲಿಲ್ಲ. ಸರಸ್ವತಿ ನಗರದ ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಆ ಕೈ ಹಾಗೇ ಇತ್ತು.

ಮರುದಿನ ಅಡುಗೆಮನೆಯಲ್ಲಿ ಅವರು ಅತ್ತೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಸಾವು ನೋಡಿ ನಗೋದು, ಕೋಳಿ ಕೇಳೋದು. ಇನ್ನೇನು ಬೇಕು? ಹುಡುಗಿಗೆ ಗಾಳಿ ಸೋಕೈತೆ. ಪಾಪ, ಅದರ ತಪ್ಪೇನೂ ಇಲ್ಲ."

ಆ 'ಪಾಪ' ನನ್ನನ್ನು ಕಟ್ಟಿಹಾಕಿತು. ಜಗಳವಾಗಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಯಾರೂ ಜಗಳವಾಡಲಿಲ್ಲ. ನಾನು ತುಳಸಿಕಟ್ಟೆಗೆ ಹೋದರೆ ಅತ್ತೆ ಹಿಂದೆಯೇ ಬರುತ್ತಿದ್ದರು. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ ಮೆಟ್ಟಿಲ ಬುಡದಲ್ಲಿ ದೊಡ್ಡಕ್ಕ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಬಚ್ಚಲಿಗೆ ಹೋದರೆ ಒಳಗಿನ ಚಿಲಕ ಹಾಕಬ್ಯಾಡ ಅನ್ನುತ್ತಿದ್ದರು. ಗೇಟಿಗೆ ಹಗಲಲ್ಲೂ ಬೀಗ ಬಿತ್ತು. ಮೆಂತ್ಯದ ಗಂಜಿ, ತಲೆಗೆ ಹರಳೆಣ್ಣೆ, ಹಣೆಗೆ ವಿಭೂತಿ. ಇಷ್ಟೊಂದು ಅಕ್ಕರೆಯನ್ನು ನನ್ನ ಜನ್ಮದಲ್ಲೇ ಕಂಡಿರಲಿಲ್ಲ, ಇಷ್ಟು ಉಸಿರುಕಟ್ಟಿದ್ದನ್ನೂ ಕಂಡಿರಲಿಲ್ಲ.

ನನ್ನ ಚಿಂತೆಯೆಲ್ಲ ಶಾಲೆಯದು. ಮದುವೆಗೆ ಮೊದಲು ನಾನು ಹರಿಹರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಮದುವೆಯಾದ ಮೇಲೂ ಬಸ್ಸಿನಲ್ಲಿ ಓಡಾಡಿಕೊಂಡು ಕೆಲಸ ಮುಂದುವರಿಸುತ್ತಾಳೆ ಅಂತ ಮಾತುಕತೆಯಲ್ಲೇ ಅಪ್ಪ ಒಪ್ಪಿಸಿಕೊಂಡಿದ್ದ. ಜೂನಿನಲ್ಲಿ ಶಾಲೆ ಶುರುವಾಯಿತು, ನಾನು ಹೋಗಲಿಲ್ಲ. ಮೈ ಹುಷಾರಿಲ್ಲ ಅಂತ ನನ್ನ ಗಂಡ ಫೋನ್ ಮಾಡಿ ಹೇಳಿದರು. ವಾರ ಕಳೆದ ಮೇಲೆ ಹೆಡ್ ಮೇಡಂ ನನಗೇ ಫೋನ್ ಮಾಡಿದರು. "ಬರೋ ಸೋಮವಾರ ಬರದಿದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ," ಅಂದರು. ದೊಡ್ಡಕ್ಕನ ಮುಂದೆ ಹೋಗಿ ನಿಂತು ಕೇಳಿದೆ. "ಮೊದ್ಲು ನೀನು ಸರಿ ಹೋಗು. ಶಾಲಿ ಎಲ್ಲಿ ಓಡಿ ಹೋಗ್ತೈತೆ?" ಅಂದರು. ಆ ಕೆಲಸ ಹೋದರೆ ಆ ಗೇಟಿನಿಂದ ಒಬ್ಬಳೇ ಹೊರಬೀಳಲು ನನಗೆ ಇನ್ನೊಂದು ಕಾರಣ ಸಿಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆ ಭಯಕ್ಕೆ ಊಟ ಸೇರುತ್ತಿರಲಿಲ್ಲ. ಊಟ ಬಿಟ್ಟದ್ದೂ ಅವರ ಲೆಕ್ಕದಲ್ಲಿ ಗಾಳಿಯ ಕೆಲಸವಾಯಿತು.

ಕಾಮಿಕ್ಸ್ ತೋರಿಸಿದರೆ ಎಲ್ಲ ಬಗೆಹರಿಯುತ್ತದೆ ಅಂದುಕೊಂಡೆ. ಕೋಳಿ ಎಲ್ಲಿಂದ ಬಂತು ಅಂತ ಕಣ್ಣಾರೆ ನೋಡಿದರೆ ಯಾರು ತಾನೇ ನಂಬುವುದಿಲ್ಲ? ಗಂಡನಿಗೆ ದುಂಬಾಲು ಬಿದ್ದು ಹರಿಹರದಿಂದ ಆ ಕಟ್ಟು ತರಿಸಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಮೊದಲ ಸಂಚಿಕೆ ಬಿಡಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಗೂ ಕೇಳುವ ಹಾಗೆ ದೊಡ್ಡಕ್ಕನಿಗೆ ಒಂದೊಂದೇ ಚಿತ್ರ ತೋರಿಸಿ ಅರ್ಥ ಹೇಳಿದೆ. ಕನ್ನಡಕ ಏರಿಸಿಕೊಂಡು ಅವರು ಬಹಳ ಶ್ರದ್ಧೆಯಿಂದ ನೋಡಿದರು. ಸಿಡಿಲು ನೋಡಿದರು, ಕತ್ತಲೆ ನೋಡಿದರು, ಗೋಡೆಯಿಂದ ಅರ್ಧ ಮೈ ಹೊರಬಂದವನನ್ನು ನೋಡಿದರು, ಮುದುಕಿಯ ಬುಟ್ಟಿಯ ಕೋಳಿ ನೋಡಿದರು.

"ಇದನ್ನ ಎಷ್ಟು ವರ್ಸದಿಂದ ಇಟ್ಕೊಂಡಿ?" ಅಂತ ಕೇಳಿದರು.

"ಚಿಕ್ಕೋಳಿದ್ದಾಗಿಂದ," ಅಂದೆ.

ಅವರು ಪುಸ್ತಕ ಮುಚ್ಚಿ, ನನ್ನ ಗಂಡನ ಕಡೆ ತಿರುಗಿದರು. "ನೋಡಪ್ಪ. ಗೋಡೆ ತೂರಿ ಬರೋದು ಮನುಷ್ಯನಾ? ಯಾರೋ ಬಿಟ್ಟು ಹೋದ ಮನೇದು. ಆ ಮನ್ಯಾಗೆ ಏನೇನು ನಡೆದಿತ್ತೋ. ಇದ್ರ ಜೊತೆಗೇ ಬಂದೈತೆ ಅದು. ಅಮಾಸಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಹತ್ರ ಕರ್ಕೊಂಡು ಹೋಗಿ ಗಾಳಿ ಬಿಡಿಸ್ಬೇಕು."

ಸಾಕ್ಷಿ ಅಂತ ತಂದದ್ದೇ ನನ್ನ ಮೇಲೆ ತಿರುಗಿತು. ಅಪ್ಪನಿಗೆ ಫೋನ್ ಮಾಡಿ ಕಣ್ಣೀರು ಹಾಕಿದೆ. ಅಪ್ಪನಾದರೂ ಅಂಗಡಿ ಮುಚ್ಚಿ ಓಡಿ ಬರುತ್ತಾನೆ ಅಂದುಕೊಂಡಿದ್ದೆ. ಅವನು, "ಉಕ್ಕಡಗಾತ್ರಿಗೆ ಎಲ್ರೂ ಹೋಗ್ತಾರಮ್ಮ. ಹೋಗಿ ಕೈ ಮುಗಿದು ಬಾ. ಅದ್ರಾಗೆ ನೀನು ಕಳ್ಕೊಳ್ಳೋದು ಏನೈತೆ?" ಅಂದ. ಗಂಡನೂ ಅದನ್ನೇ ಹೇಳಿದರು. "ನಂಗೊತ್ತು, ನಿಂಗೇನೂ ಆಗಿಲ್ಲ. ಒಂದ್ಸಲ ಹೋಗಿ ಬಂದ್ರೆ ದೊಡ್ಡಕ್ಕಂಗೂ ಸಮಾಧಾನ, ನಿಂಗೂ ಶಾಲಿ." ಗೊತ್ತಿದ್ದೂ ಅವರು ಬೀಗ ತೆಗೆಸಲಿಲ್ಲವಲ್ಲ ಅನ್ನುವುದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅದೇ ಕ್ರಮ, ನಾನು ನಡುವೆ. ಹರಿಹರ ಬಂದಾಗ ಕಾರು ನನ್ನ ಶಾಲೆಯ ಮುಂದೆಯೇ ಹಾದುಹೋಯಿತು. ದೊಡ್ಡಕ್ಕನ ತಲೆಯ ಪಕ್ಕದಿಂದ ಕಾಂಪೌಂಡಿನ ಗೋಡೆ ಮಾತ್ರ ಕಂಡಿತು. ಮಕ್ಕಳ ಜೊತೆ ಸೇರಿ ನಾನೇ ಆ ಗೋಡೆಗೆ ಮೀನು, ಆನೆ ಬರೆದಿದ್ದೆ.

ಮಲೇಬೆನ್ನೂರು ದಾಟಿ ಉಕ್ಕಡಗಾತ್ರಿ ತಲುಪುವಷ್ಟರಲ್ಲಿ ಜನ ತುಂಬಿದ್ದರು. ಅಜ್ಜಯ್ಯನ ಗದ್ದುಗೆಗೆ ನಾನು ಮೊದಲೂ ಬಂದವಳೇ. ಹರಿಹರದವರಿಗೆ ಅದು ಹೊಸ ಜಾಗವಲ್ಲ. ಆದರೆ ಕೈ ಮುಗಿಯಲು ಬಂದಾಗಿನ ಕಣ್ಣು ಬೇರೆ, ಕರೆತಂದಾಗಿನ ಕಣ್ಣು ಬೇರೆ. ಹೊಳೆಯ ದಂಡೆಯಲ್ಲಿ ಕೂದಲು ಬಿಚ್ಚಿಕೊಂಡು ತೂಗುತ್ತಿದ್ದ ಹೆಂಗಸರನ್ನು ಈ ಸಲ ನಾನು ಬಗ್ಗಿ ನೋಡಿದೆ. ಇವರಲ್ಲಿ ಯಾರಾದರೂ ಬರೀ ನಕ್ಕಿದ್ದಕ್ಕೆ ಬಂದವರಿದ್ದಾರೋ ಅನ್ನಿಸಿತು.

ತುಂಗಭದ್ರೆಯಲ್ಲಿ ಮುಳುಗಿಸಿ ಎಬ್ಬಿಸಿದರು. ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂರಿಸಿ ದೊಡ್ಡಕ್ಕ ನನ್ನೆದುರು ಕೂತರು. ಅಲ್ಲಿನವರು ಯಾರೂ ನಮ್ಮ ಹತ್ತಿರ ಬರಲಿಲ್ಲ, ಕೇಳುವ ಕೆಲಸವನ್ನೆಲ್ಲ ದೊಡ್ಡಕ್ಕ ತಾವೇ ವಹಿಸಿಕೊಂಡಿದ್ದರು.

"ಯಾರು ನೀನು?"

"ನಾನೇ ದೊಡ್ಡಕ್ಕ. ನಿಮ್ಮ ಸೊಸೆ."

"ಸೊಸೀನ ಕೇಳ್ತಿಲ್ಲ. ಒಳಗಿರೋದನ್ನ ಕೇಳ್ತೀನಿ. ಎಲ್ಲಿಂದ ಬಂದಿ?"

"ಹರಿಹರದಿಂದ."

"ಹರಿಹರದಾಗೆ ಎಲ್ಲಿ?"

"ರದ್ದಿ ಅಂಗಡಿಯಿಂದ," ಅಂದೆ. ದೊಡ್ಡಕ್ಕ ಹಿಂದೆ ನಿಂತಿದ್ದ ನನ್ನ ಗಂಡನನ್ನು ಒಮ್ಮೆ ನೋಡಿದರು.

"ಏನು ಬೇಕು ನಿನಗೆ?"

"ಏನೂ ಬ್ಯಾಡ. ಶಾಲಿಗೆ ಹೋಗ್ಬೇಕು."

"ಮತ್ತೆ ಕೋಳಿ ಯಾಕ ಕೇಳ್ದಿ?"

"ಕೇಳ್ಲಿಲ್ಲ. ತೋರಿಸ್ದೆ."

ಯಾರು, ಎಲ್ಲಿಂದ ಬಂದೆ, ಹೇಗೆ ಹೀಗಾದೆ. ಅಂಥ ಪುಸ್ತಕಗಳ ಮೊದಲ ಸಂಚಿಕೆ ಇರುವುದೇ ಈ ಪ್ರಶ್ನೆಗಳಿಗಾಗಿ. ನನ್ನ ಹುಟ್ಟಿನ ಕಥೆಯನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಇಷ್ಟು ಗಮನವಿಟ್ಟು ಕೇಳುತ್ತಿದ್ದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೆ ಹೇಳಿದ ಒಂದೊಂದು ನಿಜಕ್ಕೂ ದೊಡ್ಡಕ್ಕನ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಇಲ್ಲ ಅಂದರೆ ಅದು ಹಟಮಾರಿ ಗಾಳಿ, ಹೌದು ಅಂದರೆ ಗಾಳಿಯೇ ಬಾಯಿ ಬಿಟ್ಟಿತು. ನಾನು ಬಾಯಿ ಮುಚ್ಚಿ ಕೂತೆ. ಆಗ ಅವರು, "ಮಾತಾಡ್ಲಿಲ್ಲ ಅಂದ್ರೆ ಐದು ಅಮಾಸಿ ಕರ್ಕೊಂಡು ಬರ್ತೀನಿ," ಅಂದರು. ಐದು ಅಮಾವಾಸ್ಯೆ ಅಂದರೆ ದೀಪಾವಳಿ ಹತ್ತಿರ. ನನಗೆ ನಡುಕ ಹತ್ತಿತು.

ಚಳಿಗೆ ನಡುಗುತ್ತಿದ್ದಾಳೆ, ಬಟ್ಟೆ ಬದಲಾಯಿಸಲಿ ಅಂತ ಅತ್ತೆ ನಡುವೆ ಬಂದರು. ನಾನು ಮದುವೆಯಾಗಿ ಬಂದಂದಿನಿಂದ ಅವರು ನನ್ನೊಂದಿಗೆ ಅಡುಗೆಯ ವಿಷಯ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಒಂದು ಕಟ್ಟೆಯ ಮರೆಗೆ ಕರೆದೊಯ್ದು, ಒಣ ಸೀರೆಯನ್ನು ಪರದೆಯ ಹಾಗೆ ಅಡ್ಡ ಹಿಡಿದು ನಿಂತರು. ಸೀರೆಯ ಮೇಲಿನಿಂದ ಅವರ ಕಣ್ಣು ಮಾತ್ರ ಕಾಣುತ್ತಿತ್ತು.

"ಹೋಗ್ತೀನಿ ಅಂದ್ಬಿಡು," ಅಂದರು ಮೆಲ್ಲಗೆ.

"ಏನು ಹೋಗೋದು ಅತ್ತೆ? ಇರೋದಾದ್ರೂ ಏನು?"

"ಏನೂ ಇಲ್ಲ ಅಂತ ನಂಗೊತ್ತಿಲ್ವಾ? ಬಿಟ್ಟು ಹೋಗ್ತೀನಿ, ತಿರುಗಿ ಬರಲ್ಲ ಅನ್ನು. ಇವತ್ತಿಗೆ ಮುಗೀತೈತೆ. ನಾನೂ ಹಂಗೇ ಅಂದಿದ್ದೆ."

ನನ್ನ ಕೈ ಅಲ್ಲೇ ನಿಂತಿತು. ಅವರು ಅತ್ತಿತ್ತ ನೋಡಿ ಇನ್ನೂ ಸಣ್ಣ ದನಿಯಲ್ಲಿ ಹೇಳಿದರು.

"ಹಿತ್ಲಾಗೆ ಪಾತ್ರೆ ತೊಳೀವಾಗ ಶಿಳ್ಳೆ ಹೊಡೀತಿದ್ದೆ. ನಮ್ಮಪ್ಪನ ಮನ್ಯಾಗೆ ಕುರಿ ಇದ್ವಲ್ಲ, ಅದೇ ರೂಢಿ. ಮದುವೆಯಾಗಿ ಬಂದು ತಿಂಗಳಾಗಿತ್ತು. ಇದೇ ಅಕ್ಕ ಕರ್ಕೊಂಡು ಬಂದಿದ್ಲು. ಅಕ್ಕ ಕೆಟ್ಟೋಳಲ್ಲ. ಅಕ್ಕಂಗೆ ನಿಜ್ವಾಗ್ಲೂ ಹೆದರಿಕೆ."

"ಆಮ್ಯಾಲೆ?"

"ಆಮ್ಯಾಲೆ ಏನು? ಹೋತು." ಸೀರೆ ನನ್ನ ಹೆಗಲಿಗೆ ಹಾಕಿ, "ನೆರಿಗೆ ಸರಿ ಮಾಡ್ಕೋ," ಅಂದರು.

ನಾನು ಮರಳಿ ಬಂದು ದೊಡ್ಡಕ್ಕನ ಎದುರು ಮೆಟ್ಟಿಲ ಮೇಲೆ ಕೂತೆ. ಹೋಗ್ತೀನಿ ಅಂದೆ. ತಿರುಗಿ ಬರಲ್ಲ ಅಂತ ಮಾತು ಕೊಡು ಅಂದರು, ಕೊಟ್ಟೆ. ದೊಡ್ಡಕ್ಕ ಗದ್ದುಗೆಯ ಕಡೆ ತಿರುಗಿ ಕೈ ಮುಗಿದು ಬಿಕ್ಕಿಬಿಕ್ಕಿ ಅತ್ತರು. ನನ್ನನ್ನು ತಬ್ಬಿಕೊಂಡು ಕೆನ್ನೆ ಸವರಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ. ಆಮೇಲೆ ಚೀಲದಿಂದ ಕಾಮಿಕ್ಸಿನ ಕಟ್ಟು ತೆಗೆದು, ನನ್ನ ಒದ್ದೆ ಸೀರೆಯಲ್ಲಿ ಸುತ್ತಿ, ಗಂಡನ ಕೈಯಲ್ಲಿ ಹೊಳೆಗೆ ಬಿಡಿಸಿದರು. ಕಟ್ಟು ತಕ್ಷಣ ಮುಳುಗಲಿಲ್ಲ. ಸ್ವಲ್ಪ ದೂರ ತೇಲುತ್ತ ಹೋಯಿತು. ಆ ನೀರು ಮುಂದೆ ಹರಿಹರದ ಸೇತುವೆಯ ಕೆಳಗೇ ಹಾಯುತ್ತದೆ ಅಂತ ಯೋಚಿಸಿದೆ, ಅಳು ಬಂತು. ಗಾಳಿ ಬಿಟ್ಟವರು ಅಳುವುದು ಒಳ್ಳೆಯ ಲಕ್ಷಣವಂತೆ.

ಸೋಮವಾರ ಗೇಟಿನ ಬೀಗ ತೆಗೆದರು. ನಾನು ಬಸ್ಸು ಹತ್ತಿದೆ. ಇವತ್ತಿಗೂ ಹತ್ತುತ್ತೇನೆ. ಕೆಲಸ ಉಳಿಯಿತು, ಅದಕ್ಕೆ ಕೊಟ್ಟದ್ದೇನು ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಏನಾದರೂ ನೆನಪಾಗಿ ನಗು ಬಂದರೆ ಮೊದಲು ಬಾಗಿಲ ಕಡೆ ನೋಡುತ್ತೇನೆ. ತಿರುಗಿ ಬರಲ್ಲ ಅಂತ ಮಾತು ಕೊಟ್ಟವಳು ನಾನೇ, ಬಂದರೆ ಏನಾಗುತ್ತದೆ ಅಂತಲೂ ಗೊತ್ತಿರುವವಳು.

ಕಳೆದ ವರ್ಷ ಆ ಸಿನಿಮಾದ ಎರಡನೇ ಭಾಗ ಬಂತು. ನಾನು ಬಾಯಿ ಬಿಡಲಿಲ್ಲ. ಟಿವಿಯಲ್ಲಿ ಜಾಹೀರಾತು ನೋಡಿ ಅತ್ತೆಯೇ, "ಅದೇ ಅಲ್ವಾ? ಹೋಗಾಣ," ಅಂದರು. ದೊಡ್ಡಕ್ಕ ನನ್ನನ್ನೊಮ್ಮೆ ನೋಡಿ, "ಈಗೇನೂ ಹೆದರಿಕೆ ಇಲ್ಲ ಬಿಡು," ಅಂದರು. ಅದೇ ಸಾಲು, ಅದೇ ಕ್ರಮ. ಎಡಗಡೆ ಅತ್ತೆ, ಬಲಗಡೆ ದೊಡ್ಡಕ್ಕ.

ನಗರವೆಲ್ಲ ಹೊತ್ತಿ ಉರಿಯುವ ದೃಶ್ಯ ನಡೆಯುತ್ತಿತ್ತು. ಜನ ಕಿರುಚುತ್ತ ಒಂದು ಕಟ್ಟಡದೊಳಗೆ ನುಗ್ಗಿದರು. ಹಿಂದುಗಡೆ ಒಂದು ಲಿಫ್ಟಿನ ಬಾಗಿಲು ಅರ್ಧ ತೆರೆದು ಮುಚ್ಚಿಕೊಂಡಿತು. ಆ ಸಂದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು, ತೊಡೆಯ ಮೇಲೆ ಬುಟ್ಟಿ, ಪಕ್ಕದಲ್ಲಿ ಟೋಪಿ ಹಾಕಿದವನೊಬ್ಬ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನೀರು ಪಾಲಾದ ನನ್ನ ಪುಟ ತೆರೆಯ ಮೇಲಿತ್ತು. ಗಂಟಲವರೆಗೆ ಬಂದದ್ದು ನಗುವೋ ಅಳುವೋ ಗೊತ್ತಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. "ಬಂತಾ ಕೋಳಿ?"

"ಬುಟ್ಟಿ ಬಂತು ಅತ್ತೆ," ಅಂದೆ. "ಲಿಫ್ಟಿನಾಗೆ. ಆ ಅಜ್ಜಿ ತೊಡಿ ಮ್ಯಾಲೆ."

"ನೋಡ್ದೆ, ನೋಡ್ದೆ," ಅಂದರು. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ನಗಬ್ಯಾಡ," ಅಂದರು. ಅವರ ಹೆಗಲು ನನ್ನ ಹೆಗಲಿಗೆ ತಾಗಿತ್ತು. ಅದು ಕುಲುಕುತ್ತಿತ್ತು. ತಿರುಗಿ ನೋಡಿದರೆ ಅವರೂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಒಂದಿಷ್ಟೂ ಸದ್ದು ಹೊರಬೀಳದ ಹಾಗೆ. ನನಗಿಂತ ಎಷ್ಟೋ ಚೆನ್ನಾಗಿ ಅವರಿಗೆ ಅದು ಬರುತ್ತಿತ್ತು.

"ಏನಾತು?" ಅಂತ ದೊಡ್ಡಕ್ಕ ಆ ಕಡೆಯಿಂದ ಕೇಳಿದರು.

"ಏನಿಲ್ಲಕ್ಕ. ಕೆಮ್ಮು," ಅಂದರು ಅತ್ತೆ.

"ಇಬ್ರಿಗೂ?"

"ಹೂಂ. ಇಬ್ರಿಗೂ."